ಎಣ್ಣೆ ಬ್ರೇಕಿನೊಳಗಿನ ಗಾಳಿ

ಬುಧವಾರ ಬೆಳಗ್ಗೆ ಡಾಕ್ಟರ ಮೋಟಾರು ನಮ್ಮ ವಾಡೆಯ ಬಾಗಿಲಿಗೆ ಬಂದು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ನಿಲ್ಲಲಿಲ್ಲ. ಬಾಗಿಲು ದಾಟಿ ಮುಂದೆ ಹೋಗಿ, ಪಕ್ಕದ ಮನೆಯ ಕಟ್ಟೆಗೆ ಮೂತಿ ತಾಗಿಸಿದ ಮೇಲೆ ನಿಂತಿತು. ಡಾಕ್ಟರು ಇಳಿದು ಬಂದಾಗ ಟೊಪ್ಪಿಗೆ ಕೈಯಲ್ಲಿತ್ತು, ಹಣೆ ಬೆವೆತಿತ್ತು.

"ಮಿಸ್ತ್ರಿ, ಹೊಳಿ ದಾಟೂ ಲಕಡಿ ಪೂಲಿನ ಮ್ಯಾಲ ಒಂದು ಟಾಂಗಾ ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾಲು ಸೀದಾ ನೆಲಕ್ಕ ಹೋತು. ಹ್ಯಾಂಡ್ ಬ್ರೇಕ್ ಜಗ್ಗಿ ಉಳಕೊಂಡೆ. ಕುದುರಿ ನನ್ನ ನೋಡ್ತು, ನಾ ಕುದುರಿ ನೋಡಿದೆ. ಯಾರು ಹೆಚ್ಚು ಅಂಜಿದ್ರು ಗೊತ್ತಿಲ್ಲ."

ಡಾಕ್ಟರು ಧಾರವಾಡದ ಕಡೆಯವರು. ಪುಣೆಯ ಸದಾಶಿವ ಪೇಠೆಯಲ್ಲಿ ನಮ್ಮ ಓಣಿಯ ತುದಿಗೇ ಅವರ ದವಾಖಾನೆ. ಪ್ರತಿ ಶನಿವಾರ ಕಾತ್ರಜ ಘಾಟಿನ ಆಚೆಯ ಒಂದು ಹಳ್ಳಿಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಆ ಸುತ್ತಲಿನ ಮಂದಿಗೆ ಬೇರೆ ಡಾಕ್ಟರಿರಲಿಲ್ಲ.

ಮೋಟಾರನ್ನು ನಾಲ್ಕು ಜನ ತಳ್ಳಿ ವಾಡೆಯ ಒಳಗೆ, ಬಾಡಿಗೆಯ ಮನೆಗಳ ನಡುವಿನ ಅಂಗಳಕ್ಕೆ ತಂದೆವು. ಆ ದೊಡ್ಡ ಬಾಗಿಲಲ್ಲಿ ಎರಡೂ ಬದಿಗೆ ಒಂದೊಂದು ಬೆರಳು ಮಾತ್ರ ಉಳಿದಿತ್ತು. ಗಾಲಿಗಳ ಒಳಬದಿ ಬಗ್ಗಿ ನೋಡಿದೆ. ಹಿಂದಿನ ಎಡಗಾಲಿ ಒದ್ದೆಯಾಗಿತ್ತು.

ಇದು ಯುದ್ಧ ನಡೆದಿದ್ದ ಕಾಲದ ಮಾತು. ಪುಣೆಯಲ್ಲಿ ಓಡುತ್ತಿದ್ದ ಹಳೆಯ ಮೋಟಾರುಗಳ ಬ್ರೇಕು ಕಬ್ಬಿಣದ ಸರಳು, ತಂತಿಗಳದ್ದು. ಸಡಿಲಾದರೆ ತಿರುಪು ಬಿಗಿ ಮಾಡಿದರಾಯಿತು. ಡಾಕ್ಟರ ಮೋಟಾರು ಹೊಸ ಮಾದರಿಯದು, ಅದಕ್ಕೆ ಎಣ್ಣೆಯ ಬ್ರೇಕು. ಪೆಡಲು ಒತ್ತಿದರೆ ನೆಲದ ಹಲಗೆಯ ಕೆಳಗಿರುವ ದೊಡ್ಡ ಸಿಲಿಂಡರಿನಿಂದ ಎಣ್ಣೆ ಸಣ್ಣ ಕೊಳವೆಗಳಲ್ಲಿ ಓಡಿ ನಾಲ್ಕೂ ಗಾಲಿಗಳ ಸಣ್ಣ ಸಿಲಿಂಡರುಗಳನ್ನು ತಳ್ಳುತ್ತದೆ. ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಗುಲಗಂಜಿಯಷ್ಟು ಗಾಳಿ ಸೇರಿದರೂ ಸಾಕು, ಕಾಲಿನ ಬಲವೆಲ್ಲ ಆ ಗಾಳಿಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ, ಗಾಲಿಗೆ ಮುಟ್ಟುವುದಿಲ್ಲ.

"ನಿನ್ನ ಕಡೆಯಿಂದ ಆಗ್ತದೇನು? ಖರೇ ಹೇಳು," ಎಂದರು ಡಾಕ್ಟರು. "ಕ್ಯಾಂಪಿನ ಮೋಟಾರ್ ಕಂಪನಿಯವರಿಗೂ ಹೇಳಿ ಕಳಸೀನಿ. ಶನಿವಾರ ಮುಂಜಾನೆ ಲಾರಿ, ಸಂಕಳಿ ತಗೊಂಡು ಬರ್ತಾರಂತ. ಒಯ್ದ್ರ ಹದಿನೈದು ದಿವಸ ಇಟಗೋತಾರ. ಅಲ್ಲಿತನಕಾ ಘಾಟಿನ ಆಚೆ ಮಂದಿ ದಾರಿ ನೋಡ್ತಾ ಕೂಡಬೇಕು."

"ಆಗ್ತದ್ರಿ ಸಾಹೇಬ್ರ. ಶನಿವಾರ ಮುಂಜಾನೆ ನಿಮ್ಮ ಗಾಡಿ ನೀವು ಹೊಡಕೊಂಡು ಹೋಗ್ರಿ. ಸಂಕಳಿ ಬಂದ ದಾರಿ ಹಿಡದು ಹೋಗ್ಲಿ."

ಅಂಗಳದಲ್ಲಿ ನೀರು ತುಂಬಿಕೊಳ್ಳುತ್ತಿದ್ದವರೆಲ್ಲ ಇದನ್ನು ಕೇಳಿದರು. ಕೇಳಲಿ ಎಂದೇ ನಾನು ಗಟ್ಟಿಯಾಗಿ ಅಂದಿದ್ದೆ.

ಆ ಕಂಪನಿಯ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ದುಡಿದವನು. ಬಿಟ್ಟು ಬಂದು ಆರು ತಿಂಗಳಾಗಿತ್ತು. ಅಲ್ಲಿನ ಫೋರ್‌ಮನ್ ಹುಬ್ಬಳ್ಳಿಯವನು, ನಮ್ಮ ಕಡೆಯವನೇ. ಆದರೆ ಅವನದೊಂದು ಹಟ: ಇಂಗ್ಲಿಷ್ ಪುಸ್ತಕ ಓದಲು ಬಾರದವನ ಕೈ ಎಣ್ಣೆ ಬ್ರೇಕಿಗೆ ತಾಗಬಾರದು. ನಾನು ಕಲಿತದ್ದು ಗದಗಿನ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ಹಾಗಾಗಿ ಎಂಜಿನ್ ಬಿಚ್ಚಿ ಕಟ್ಟುವ ಈ ಕೈಗಳನ್ನು ಬಿಟ್ಟು ಅವನು ನನ್ನ ಕಾಲನ್ನು ಮಾತ್ರ ಬಳಸಿಕೊಂಡ. ಬ್ರೇಕಿನ ಗಾಳಿ ತೆಗೆಯುವಾಗ ನಾನು ಒಳಗೆ ಕೂತು ಪೆಡಲು ಒತ್ತಬೇಕು, ಅವನು ಕೆಳಗೆ ಮಲಗಿ ಗಾಲಿಯ ತಿರುಪು ಸಡಿಲಿಸಬೇಕು. "ದಾಬ್" ಎಂದರೆ ಒತ್ತುತ್ತಿದ್ದೆ, "ಧರ್" ಎಂದರೆ ಹಿಡಿಯುತ್ತಿದ್ದೆ, "ಸೋಡ್" ಎಂದರೆ ಬಿಡುತ್ತಿದ್ದೆ. ಕಾರ್ಖಾನೆಯಲ್ಲಿ ಎಲ್ಲ ಕೂಗೂ ಮರಾಠಿಯಲ್ಲೇ. ಪೆಡಲು ಗಟ್ಟಿಯಾಗದಿದ್ದರೆ ನನ್ನ ಕಾಲಿಗೇ ಬೈಗುಳ. ಒಂದು ದಿನ ನಾನು, "ಕಾಲು ನಂದು, ಕೆಲಸಾ ನಿಂದು. ಕೆಲಸದಾಗ ಏನು ತಪ್ಪೇತಿ ನೋಡು," ಎಂದೆ. ಮರುದಿನ ನನ್ನ ಪೆಟ್ಟಿಗೆ ಹೊತ್ತು ಹೊರಗೆ ಬಂದೆ.

ಇಷ್ಟು ಹೇಳಿದ್ದು ಯಾಕೆಂದರೆ, ಒಳಗೆ ಕೂತವನಿಗೆ ಕೆಳಗೆ ನಡೆಯುವುದು ಕಾಣುವುದಿಲ್ಲ. ಅದನ್ನು ನಾನು ಆ ಬುಧವಾರ ಯೋಚಿಸಲಿಲ್ಲ. ಒಂಬತ್ತು ವರ್ಷ ಕೇಳಿದ್ದೇನೆ, ಆದ್ದರಿಂದ ನನಗೆ ಬರುತ್ತದೆ ಎಂದು ತಿಳಿದೆ.

ಹೋಗುವಾಗ ಡಾಕ್ಟರು, "ರಬ್ಬರ್ ನಳಿಗಿ ಬೇಕೇನು? ದವಾಖಾನ್ಯಾಗ ಅದ. ಕಂಪನಿಯೊಳಗ ಏನೋ ನಳಿಗಿ ಹಚ್ಚಿ ಮಾಡೂದು ನೋಡಿದ್ಹಂಗ ನೆನಪು," ಎಂದರು.

"ಬ್ಯಾಡ್ರಿ. ಸ್ಪಿರಿಟ್ ಒಂದು ಬಾಟ್ಲಿ ಕೊಡ್ರಿ, ಸಾಕು."

ಗಾಲಿ ಬಿಚ್ಚಿ, ಮೇಲಿನ ಡ್ರಮ್ಮು ತೆಗೆದು, ಸಣ್ಣ ಸಿಲಿಂಡರನ್ನು ಕೈಗೆ ತೆಗೆದುಕೊಂಡೆ. ಒಳಗಿನ ರಬ್ಬರಿನ ಬಟ್ಟಲು ಊದಿ, ಅಂಚು ಹರಿದಿತ್ತು. ಯಾರೋ ಹಿಂದೆ ಎಂಜಿನ್ನಿನ ಎಣ್ಣೆ ಸುರಿದಿರಬೇಕು. ಎಂಜಿನ್ ಎಣ್ಣೆ ತಾಗಿದರೆ ಈ ರಬ್ಬರು ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬುತ್ತದೆ. ಹಳೇ ಬಜಾರಿನಲ್ಲಿ ಅರ್ಧ ದಿನ ಅಲೆದು, ಮುರುಕು ಮೋಟಾರುಗಳ ಸಾಮಾನು ಮಾರುವವನ ಬಳಿ ಅದೇ ಅಳತೆಯ ಎರಡು ಬಟ್ಟಲು ಹುಡುಕಿದೆ. ಬ್ರೇಕಿನ ಎಣ್ಣೆ ಅವನಲ್ಲಿ ಒಂದೇ ಒಂದು ಡಬ್ಬಿ ಇತ್ತು, ಸೀಲು ಒಡೆಯದ್ದು. ಇಡೀ ಪೇಠೆಯಲ್ಲಿ ಇನ್ನೊಂದು ಡಬ್ಬಿ ಸಿಗುವ ಹಾಗಿರಲಿಲ್ಲ. ಆ ಡಬ್ಬಿಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಬಂದೆ.

ಬ್ರೇಕಿನ ಒಳಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಬಾರದು, ಪೆಟ್ರೋಲಿನಲ್ಲೂ ತೊಳೆಯಬಾರದು. ಸ್ಪಿರಿಟ್ಟಿನಲ್ಲೇ ತೊಳೆಯಬೇಕು. ಹಿತ್ತಾಳೆಯ ಪರಾತದಲ್ಲಿ ಸ್ಪಿರಿಟ್ ಸುರಿದದ್ದೇ ತಡ, ಮಾಡಿಯ ಗ್ಯಾಲರಿಯಿಂದ ಮುದುಕಿಯೊಬ್ಬಳ ಕೂಗು ಬಂತು. ಈ ಆಜಿ ವಾಡೆಯ ಮಾಲೀಕರ ತಾಯಿ. ಅಂಗಳದಲ್ಲಿ ಎಲೆ ಬಿದ್ದರೂ ಕೇಳುವವಳು.

"ಕಾಯ್ ರೇ, ದಾರೂ ಕಾ?" ಏನೋ, ಹೆಂಡವೇನೋ ಎಂದು.

ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ತನಗೆ ಬಂದಷ್ಟು ಮರಾಠಿಯಲ್ಲಿ ಉತ್ತರಿಸಿದಳು, "ದಾರೂ ನಾಹೀ ಆಜೀ, ಔಷಧ." ಯಾರಿಗೆ ಔಷಧ ಎಂದು ಆಜಿ ಕೇಳಿದರೆ, ಗಾಡಿಗೆ ಎಂದಳು. ಗಾಡಿಗೆ ಏನು ರೋಗ ಎಂದರೆ, "ಪೋಟಾತ್ ವಾಯೂ," ಹೊಟ್ಟೆಯಲ್ಲಿ ವಾಯು, ಎಂದಳು. ಆಜಿ ನಕ್ಕು ಒಳಗೆ ಹೋದಳು. ನಾನು ಒಂದು ವಾರ ವಿವರಿಸಿದರೂ ಅಷ್ಟು ಸರಿಯಾಗಿ ಹೇಳುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಬಟ್ಟಲು ಕೂರಿಸಿ ಎಲ್ಲ ಕಟ್ಟಿದೆ. ಕೊಳವೆ ಬಿಚ್ಚಿದ ಮೇಲೆ ಗಾಳಿ ಒಳಗೆ ಹೋಗಿಯೇ ಇರುತ್ತದೆ. ಅದನ್ನು ತೆಗೆಯುವುದು ಹೀಗೆ: ಒಳಗಿನವರು ಪೆಡಲು ಒತ್ತಬೇಕು. ಅದೇ ಹೊತ್ತಿಗೆ ಗಾಲಿಯ ಹಿಂದಿನ ಸಣ್ಣ ತಿರುಪನ್ನು ಸಡಿಲಿಸಿದರೆ ಎಣ್ಣೆಯ ಜೊತೆ ಗಾಳಿಯ ಗುಳ್ಳೆ ಹೊರಗೆ ಬರುತ್ತದೆ. ಪೆಡಲು ಮೇಲೆ ಬರುವ ಮೊದಲೇ ತಿರುಪು ಬಿಗಿಯಬೇಕು. ದೂರದ ಗಾಲಿಯಿಂದ ಹತ್ತಿರದ ಗಾಲಿಗೆ ಬರಬೇಕು. ಒಬ್ಬನಿಂದ ಆಗುವ ಕೆಲಸವಲ್ಲ.

ಹೆಂಡತಿಯನ್ನು ಕರೆದೆ.

"ನಾ ಮೋಟಾರದಾಗ ಕೂಡ್ಲ್ಯಾ? ಮಂದಿ ಏನಂದಾರು?"

"ಮಂದಿ ಬಂದು ಬ್ರೇಕ್ ಒತ್ತತಾರೇನು?"

ಅವಳು ಸೆರಗಿನಿಂದ ಪಾದ ಒರೆಸಿಕೊಂಡು ಒಳಗೆ ಹತ್ತಿದಳು. ಸ್ಟೀರಿಂಗ್ ಚಕ್ರ ಹಿಡಿದು ನೆಟ್ಟಗೆ ಕೂತಳು, ಫೋಟೋ ತೆಗೆಸಿಕೊಳ್ಳುವವಳ ಹಾಗೆ.

"ನಡೂಲಿಂದು ಪೆಡಲ್. ನಾ 'ಒತ್ತಿಬಿಡು' ಅಂದ ಕೂಡ್ಲೆ ಒತ್ತಿಬಿಡು. ತಿಳೀತಿಲ್ಲೋ?"

"ಇಷ್ಟ ಏನು?"

"ಇಷ್ಟ."

ನಾನು ಹಿಂದಿನ ಎಡಗಾಲಿಯ ಹಿಂದೆ ತೂರಿಕೊಂಡು, ಕೆಳಗೆ ತಟ್ಟೆಯಿಟ್ಟು, ತಿರುಪಿಗೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ ಕೂಗಿದೆ: "ಒತ್ತಿಬಿಡು!" ಸೋಡಾ ಬಾಟಲಿ ತೆರೆದ ಹಾಗೆ ಬುಸ್ಸೆಂದು ಎಣ್ಣೆ, ನೊರೆ ಬಂತು. ಎಣ್ಣೆ ನಿಂತ ಕೂಡಲೆ ತಿರುಪು ಬಿಗಿದೆ. "ಒತ್ತಿಬಿಡು!" ಮತ್ತೆ ನೊರೆ. ಹತ್ತು ಸಲ, ಹನ್ನೆರಡು ಸಲ. ಪ್ರತಿ ಗಾಲಿಗೂ ಹೀಗೇ. ನಡುನಡುವೆ ನೆಲದ ಹಲಗೆ ಎತ್ತಿ ದೊಡ್ಡ ಸಿಲಿಂಡರಿಗೆ ಎಣ್ಣೆ ತುಂಬುವುದು. ಅದು ಖಾಲಿಯಾದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ.

ನಾಲ್ಕೂ ಗಾಲಿ ಮುಗಿಸಿ ನಾನೇ ಪೆಡಲು ಒತ್ತಿ ನೋಡಿದೆ. ನಾದಿದ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯಿತು. ಪಟಪಟನೆ ಮೂರು ಸಲ ಒತ್ತಿದರೆ ಸ್ವಲ್ಪ ಗಟ್ಟಿ. ಹತ್ತು ಎಣಿಸಿ ಮತ್ತೆ ಒತ್ತಿದರೆ ಹಿಟ್ಟು. ಗಾಳಿ ಇನ್ನೂ ಇತ್ತು.

ಎರಡನೆಯ ಸುತ್ತು ಮಾಡಿದೆವು. ಬಿಸಿಲು ಇಳಿಯುವವರೆಗೆ ಮಾಡಿದೆವು. ಗುಳ್ಳೆ ಬರುವುದು ನಿಲ್ಲಲೇ ಇಲ್ಲ. ಆ ಗಾಡಿಯೊಳಗೆ ಗಾಳಿಯ ಬುಗ್ಗೆಯೇ ಇದೆಯೋ ಅನಿಸಿತು. ಡಬ್ಬಿಯಲ್ಲಿ ಅರ್ಧಕ್ಕಿಂತ ಕಡಿಮೆ ಎಣ್ಣೆ ಉಳಿಯಿತು. ನನ್ನ ತಲೆ ಕೆಟ್ಟಿತು.

"ಕಾಲಾಗ ಜೀವಾ ಇಲ್ಲೇನು ನಿಂದು? ತಳಾ ಮುಟ್ಟೂತನಕಾ ಒತ್ತವಲ್ಲಿ ನೀ."

ಅವಳು ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ದಿನಾ ಎರಡು ಕೊಡಾ ಹೊತ್ತು ಮಾಡಿ ಏರೂ ಕಾಲ ಇವು. ಜೀವ ಇಲ್ಲದನ ಏರ್ತಾವೇನು? ತಳಾ ಮುಟ್ಟೂತನಕಾ ಒತ್ತೀನಿ, ಬೇಕಾದ್ರ ನಿಮ್ಮ ಪೆಡಲಿನ ಆಣಿ ಮಾಡ್ತೀನಿ. ತಪ್ಪು ಕೆಳಗ ಅದ, ಮ್ಯಾಲ ಇಲ್ಲ."

ನಾನು ಫೋರ್‌ಮನ್‌ಗೆ ಅಂದ ಮಾತೇ ಅದು. ಆಗ ನನಗೆ ಹೊಳೆಯಲಿಲ್ಲ. ಸಿಟ್ಟು ಬಂದಿತ್ತು, ಅಷ್ಟೆ.

ಶುಕ್ರವಾರ ಬೆಳಗ್ಗೆ ಎಲ್ಲವನ್ನೂ ಮತ್ತೆ ತಪಾಸು ಮಾಡಿದೆ. ಹೊಸ ಬಟ್ಟಲು ಬಿಚ್ಚಿ, ಎರಡನೆಯದನ್ನು ಹಾಕಿದೆ. ಕೊಳವೆಗಳ ಕೀಲು ಕೀಲಿಗೂ ಒಣ ಸುಣ್ಣದ ಪುಡಿ ಹಚ್ಚಿ, ಪೆಡಲು ಒತ್ತಿಸಿ ಕಾದೆ. ಎಲ್ಲಾದರೂ ಒಸರಿದರೆ ಪುಡಿ ಕಪ್ಪಾಗುತ್ತದೆ. ಎಲ್ಲೂ ಕಪ್ಪಾಗಲಿಲ್ಲ. ಎಣ್ಣೆ ಹೊರಗೆ ಹೋಗುತ್ತಿಲ್ಲ, ಗಾಳಿ ಮಾತ್ರ ಎಲ್ಲಿಂದಲೋ ಒಳಗೆ ಬರುತ್ತಿದೆ. ಹಿಂದಿನ ದಿನ ಹೊರಬಿದ್ದ ನೊರೆ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಇಟ್ಟಿದ್ದೆ. ಅದು ತಿಳಿಯಾಗಿತ್ತು. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಒಮ್ಮೆ ಹೊರಗೆ ಬಂದ ಎಣ್ಣೆಯನ್ನು ಮತ್ತೆ ಹಾಕಬಾರದು ಎಂದು ಪುಸ್ತಕದಲ್ಲಿ ಬರೆದಿದೆಯಂತೆ. ಬರೆದವನಿಗೆ ಇನ್ನೊಂದು ಡಬ್ಬಿ ಸಿಗುತ್ತಿದ್ದಿರಬೇಕು.

ಹನ್ನೊಂದರ ಸುಮಾರಿಗೆ ಫೋರ್‌ಮನ್ ಸೈಕಲ್ ಮೇಲೆ ಬಂದ. ಮರುದಿನ ಲಾರಿ ಎಲ್ಲಿ ನಿಲ್ಲಿಸಬೇಕು ಎಂದು ನೋಡಲು ಬಂದೆ ಎಂದ. ಬಂದದ್ದು ನನ್ನ ಮುಖ ನೋಡಲು.

"ಏನಪಾ ಮಿಸ್ತ್ರಿ, ಎಣ್ಣಿ ಹೊಯ್ದು ಅಂಗಳಾ ಸಾರಸಾಕ ಹತ್ತೀ ಏನು?"

"ಬಾ, ರಂಗೋಲಿ ನೀ ಹಾಕು."

ಅವನು ಬಗ್ಗಿ ಕೈಯಿಂದಲೇ ಪೆಡಲು ಒತ್ತಿದ. ಅದು ನಾಚಿಕೆಯಿಲ್ಲದೆ ಕೆಳಗೆ ಹೋಯಿತು. "ಇದಕ್ಕ ಪುಸ್ತಕಾ ಓದಾಕ ಬರಬೇಕೋ. ಹದಿನಾಕು ಹಾಳಿ ಬರದಾರ ಇದರ ಮ್ಯಾಲ."

"ಹಾಳಿ ಗಾಲಿ ಬಿಚ್ಚತಾವೇನು?"

ಆಗ ಅವನ ಕಣ್ಣು ಚಾಲಕನ ಸೀಟಿನಲ್ಲಿ ಕೂತಿದ್ದ ನನ್ನ ಹೆಂಡತಿಯ ಮೇಲೆ ಬಿತ್ತು. "ಓಹೋ, ಹೊಸಾ ಹೆಲ್ಪರ್!"

ಅವಳು ಚಕ್ರ ಬಿಡದೆ ಅಂದಳು, "ಹಳೇ ಹೆಲ್ಪರ್‌ಗೆ ನೀವು ಒಂಬತ್ತ ವರ್ಷದಾಗ ಏನೂ ಕಲಸಲಿಲ್ಲಲ್ರಿ ಅಣ್ಣಾರ, ಅದಕ್ಕ ಹೊಸಾಕಿ ಬಂದೀನಿ."

ಅವನು ನಗುವ ಹಾಗೆ ಮಾಡಿದ. ಸೈಕಲ್ ತಿರುಗಿಸುತ್ತ, "ನಾಳಿ ಒಂಬತ್ತಕ್ಕ ಬರ್ತೀನಿ. ಸಂಕಳಿ ಕಟ್ಟಾಕ ಮುಂದಿನ ಕಬ್ಬಿಣ ಒರಸಿ ಇಡು," ಎಂದು ಹೋದ.

ಅವನು ಹೋದ ಮೇಲೆ ನಾನು ಕಟ್ಟೆಯ ಮೇಲೆ ಕೂತು ಎಣ್ಣೆ ನೋಡಿದೆ. ಡಬ್ಬಿಯಲ್ಲಿದ್ದದ್ದು, ಬಾಟಲಿಯಲ್ಲಿ ಸೋಸಿದ್ದು, ಎರಡೂ ಸೇರಿದರೆ ಇನ್ನೊಂದೇ ಸುತ್ತು. ಅದೂ ಹಿಟ್ಟಾದರೆ ಸಂಕಳಿ. ವಾಡೆಯ ಎಲ್ಲರೆದುರು, ಓಣಿಯುದ್ದಕ್ಕೂ, ಮೋಟಾರನ್ನು ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಈ ಪೇಠೆಯಲ್ಲಿ ಯಾರೂ ನನ್ನ ಹತ್ತಿರ ಬ್ರೇಕು ಬಿಡಿ, ಹಾರ್ನು ರಿಪೇರಿಗೂ ತರುವುದಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾಗುವವರೆಗೆ ಇನ್ನು ಹನಿ ಎಣ್ಣೆಯನ್ನೂ ಚೆಲ್ಲಬಾರದು ಎಂದು ನಿಶ್ಚಯ ಮಾಡಿದೆ.

ನನ್ನ ಅನುಮಾನ ಇನ್ನೂ ಅವಳ ಕಾಲಿನ ಮೇಲೇ ಇತ್ತು. ಮುಚ್ಚಿಡುವುದೇಕೆ. ಒಂಬತ್ತು ವರ್ಷ ಪಳಗಿದ್ದ ಕಾಲು ನನ್ನದು. ಅದನ್ನೇ ಪೆಡಲಿನ ಮೇಲೆ ಇಟ್ಟು ಒಂದೇ ಒಂದು ಸಲ ನೋಡೋಣ, ಅಷ್ಟು ಎಣ್ಣೆ ಹೋದರೆ ಹೋಗಲಿ ಅನಿಸಿತು.

"ಇಳಿ ಕೆಳಗ. ನೀ ಗಾಲಿ ಕಡೆ ಹೋಗು. ನಾ ಕೂಡ್ತೀನಿ."

"ನಾನಾ? ಪಾನಾ ಹಿಡದು?"

"ಒಂದು ಸುತ್ತಿನ ಕಾಲುಭಾಗ ಸಡಲ ಮಾಡೂದು, ಎಣ್ಣಿ ನಿಂತ ಕೂಡ್ಲೆ ಬಿಗಿ ಮಾಡೂದು. ರೊಟ್ಟಿ ಮಾಡೂದಕ್ಕಿಂತ ಸರಳ ಅದ."

"ರೊಟ್ಟಿ ಮಾಡಿ ನೋಡೀರೇನು ಒಮ್ಮೆಯಾದ್ರೂ?"

ಅವಳು ಸೀರೆಯ ಕಚ್ಚೆ ಬಿಗಿದು ಗಾಲಿಯ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತಳು. ಗ್ಯಾಲರಿಯಿಂದ ಆಜಿ ಎಲ್ಲರಿಗೂ ಕೇಳುವ ಹಾಗೆ ಸಾರಿದಳು: ನೋಡ್ರೋ, ಹೆಂಡತಿ ಮಿಸ್ತ್ರಿಯಾದಳು, ಮಿಸ್ತ್ರಿ ಸಾಹೇಬನಾದ! ಇಡೀ ವಾಡೆ ಮರಾಠಿಯಲ್ಲಿ ನಕ್ಕಿತು. ನಗಲಿ. ನಾನು ಒಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟೆ.

ಹಿಂದಿನಿಂದ ನನ್ನದೇ ಗೊಗ್ಗರು ದನಿ ಬಂತು. ಅವಳು ನನ್ನನ್ನು ಅಣಕಿಸುತ್ತ ಕೂಗಿದ್ದಳು:

"ಒತ್ತಿಬಿಡ್ರಿ!"

ನಾನು ಒತ್ತಿದೆ. ಕಾಲು ತಳ ಮುಟ್ಟಿತು. ಮುಟ್ಟಿದ ಕಾಲು ತಾನಾಗಿ ಮೇಲೆ ಬಂತು.

"ಎಣ್ಣಿ ಬಂತ್ರಿ... ಅಯ್ಯ, ಒಳಗ ಹೋತಲ್ರಿ! ಚೊರ್ರ್ ಅಂತ ಒಳಗ ಜಗ್ಗಿಕೊಂತು!"

ನಾನು ಕೂತಲ್ಲೇ ಕೂತೆ. "ಏನಂದಿ?"

"ಹನಿ ಹೊರಗ ನಿಂತಿತ್ತು, ಒಳಗ ಜಗ್ಗಿಕೊಂತು."

"ಅದಲ್ಲ. ಮೊದಲ ಏನಂತ ಕೂಗಿದಿ?"

"ನೀವು ಕೂಗೂದನ್ನ ಕೂಗಿದೆ. ಒತ್ತಿಬಿಡ್ರಿ ಅಂದೆ."

"ನಾ ಏನು ಮಾಡಿದೆ?"

"ನನಗೇನು ಕಾಣಸ್ತದ? ಒತ್ತಿರಬೇಕು, ಬಿಟ್ಟಿರಬೇಕು."

ಎರಡು ದಿನದ ತಪ್ಪು ನನ್ನ ಕಾಲಿನ ತುದಿಯಲ್ಲಿ ಕೂತಿತ್ತು. 'ಒತ್ತಿಬಿಡು' ಎಂದರೆ ಹಿಂದೆಮುಂದೆ ನೋಡದೆ ಪೂರ್ತಿ ಒತ್ತು ಎಂದು ನನ್ನ ಬಾಯಿಯ ಅರ್ಥ. 'ಒತ್ತಿ, ಬಿಡು' ಎಂದು ಅವಳ ಕಾಲಿನ ಅರ್ಥ. ಕಿವಿಗೆ ಎರಡೂ ಒಂದೇ. ನಾನು ತಿರುಪು ಬಿಗಿಯುವ ಅರೆಗಳಿಗೆ ಮೊದಲು ಅವಳು ಕಾಲೆತ್ತುತ್ತಿದ್ದಳು. ಏಳುವ ಪೆಡಲು, ತೆರೆದ ತಿರುಪಿನ ಬಾಯಿಂದ ಗಾಳಿಯನ್ನು ಒಳಗೆಳೆಯುತ್ತಿತ್ತು. ಒಂದು ಗುಳ್ಳೆ ಹೊರಗೆ ಹಾಕಿ ಇನ್ನೊಂದನ್ನು ನಾವೇ ಒಳಗೆ ಕರೆದಿದ್ದೆವು. ಕಾರ್ಖಾನೆಯಲ್ಲಿ ಒತ್ತಲು ಒಂದು ಮಾತು, ಹಿಡಿಯಲು ಒಂದು ಮಾತು, ಬಿಡಲು ಒಂದು ಮಾತು ಇತ್ತು. ಈ ಕೆಲಸವನ್ನು ನನ್ನ ಸ್ವಂತ ಭಾಷೆಯಲ್ಲಿ ಮಾಡಿದ್ದು ಇದೇ ಮೊದಲು. ಮನೆಯ ಮಾತಲ್ಲವೇ ಎಂದು ಮೂರನ್ನೂ ಒಂದೇ ಮಾತಿಗೆ ತುರುಕಿದ್ದೆ. ಹಿಡಿ ಎನ್ನುವ ಮಾತನ್ನಂತೂ ಹೇಳಿಯೇ ಇರಲಿಲ್ಲ.

ಇಳಿದು ಹೋಗಿ ಅವಳಿಗೆ ಹೇಳಿದೆ. ಅವಳು ಪಾನಾ ಹಿಡಿದುಕೊಂಡೇ ಕೇಳಿದಳು.

"ಅಂದ್ರ ಎರಡು ದಿವಸ ನನ್ನ ಕಾಲಿಗೆ ಸುಳ್ಳೇ ಬೈದ್ರಿ."

"ಬೈದೆ."

"ಮತ್ತ?"

"ಈಗ ನನ್ನ ಬಾಯಿಗೆ ನೀ ಬೈ."

"ಬೈಯೂದು ಎಲ್ಲಿಗೂ ಹೋಗೂದಿಲ್ಲ. ಮೊದಲ ಎಣ್ಣಿ ಉಳಸ್ರಿ."

ಅಲ್ಲೇ ಮಾತು ಕಟ್ಟಿದೆವು. ಮರಾಠಿ ಕೂಗು ನನಗೆ ಬರುತ್ತಿತ್ತು, ಅದನ್ನೇ ಅವಳಿಗೆ ಕಲಿಸಬಹುದಿತ್ತು. ಬೇಡ ಎಂದೆ. ಫೋರ್‌ಮನ್‌ನ ಕೂಗನ್ನು ನನ್ನ ಅಂಗಳದಲ್ಲಿ ನಾನು ಕೂಗುವುದಿಲ್ಲ. 'ತುಳಿ' ಎಂದರೆ ತಳ ಮುಟ್ಟುವವರೆಗೆ ಒತ್ತುವುದು. 'ತಡಿ' ಎಂದರೆ ಅಲ್ಲೇ ಇರುವುದು. 'ಎತ್ತು' ಎಂದರೆ ಮಾತ್ರ ಕಾಲು ಎತ್ತುವುದು.

"ಎತ್ತು ಅಂದ್ರ ಬಂಡಿಗೆ ಹೂಡೂ ಎತ್ತೂ ಆಗ್ತದ. ಮತ್ತ ಗೊಂದಲಾ," ಎಂದಳು.

"ಈ ಅಂಗಳದಾಗ ಬಂಡಿ ಇಲ್ಲ, ಸುಮ್ನಿರು."

ಅವಳದೇ ಒಂದು ಕಟ್ಟಳೆ ಸೇರಿತು. ಕಾಲು ತಳ ಮುಟ್ಟಿದ ಮೇಲೆ ಅವಳು "ತುಳದೀನಿ" ಎಂದು ಕೂಗಬೇಕು. ಅದು ಕೇಳುವವರೆಗೆ ನಾನು "ತಡಿ" ಅನ್ನಬಾರದು. ತಿರುಪು ಬಿಗಿದ ಮೇಲೆಯೇ "ಎತ್ತು."

ಇನ್ನೊಂದು ಕೆಲಸ ಉಳಿದಿತ್ತು, ಅದು ತಿರುಪಿಗಿಂತ ಬಿಗಿಯಾದದ್ದು. ದವಾಖಾನೆಗೆ ಹೋಗಿ ಡಾಕ್ಟರಿಗೆ ರಬ್ಬರ್ ನಳಿಗೆ ಕೇಳಿದೆ. ತಿರುಪಿನ ಬಾಯಿಗೆ ನಳಿಗೆ ಹಚ್ಚಿ, ಅದರ ತುದಿಯನ್ನು ಬಾಟಲಿಯ ಎಣ್ಣೆಯಲ್ಲಿ ಮುಳುಗಿಸಿಟ್ಟರೆ, ಕಾಲು ತಪ್ಪಿ ಎದ್ದರೂ ಒಳಗೆ ಹೋಗುವುದು ಎಣ್ಣೆ, ಗಾಳಿಯಲ್ಲ. ಒಂದು ಹನಿಯೂ ಚೆಲ್ಲುವುದಿಲ್ಲ. ಫೋರ್‌ಮನ್ ಕೆಳಗೆ ಮಾಡುತ್ತಿದ್ದದ್ದು ಇದನ್ನೇ ಇರಬೇಕು. ಮೇಲೆ ಕೂತ ನನಗೆ ಕಂಡಿರಲಿಲ್ಲ.

"ಬುಧವಾರನ ಕೊಡ್ಲಿಕ್ಕೆ ಬಂದಿದ್ದೆನಲ್ಲ ಮಿಸ್ತ್ರಿ?" ಎಂದರು ಡಾಕ್ಟರು.

"ಬುಧವಾರ ಬ್ಯಾಡಾಗಿತ್ರಿ. ಇವತ್ತು ಬೇಕಾಗೇದ."

ಅವರು ನಳಿಗೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಕೊನೆಯ ಸುತ್ತು. ಔಷಧಿಯ ಗಾಜಿನ ಬಾಟಲಿಯಲ್ಲಿ ಎರಡು ಬೆರಳು ಎಣ್ಣೆ, ಅದರೊಳಗೆ ನಳಿಗೆಯ ತುದಿ. "ತುಳಿ!" ಎಂದು ತಿರುಪು ಸಡಿಲಿಸಿದೆ, ಗುಳ್ಳೆಗಳು ಬುಳುಬುಳು ಎದ್ದವು. "ತುಳದೀನಿ!" "ತಡಿ!" ಬಿಗಿದೆ. "ಎತ್ತು!" ಮೊದಲು ಕಡಲೆಯಷ್ಟು ಗುಳ್ಳೆ, ಆಮೇಲೆ ಜೋಳದಷ್ಟು, ಆಮೇಲೆ ಸಾಸಿವೆಯಷ್ಟು. ಏಳನೆಯ ಸಲಕ್ಕೆ ಬಾಟಲಿಯಲ್ಲಿ ಏನೂ ಏಳಲಿಲ್ಲ. ನಂಬಿಕೆ ಬಾರದೆ ಇನ್ನೆರಡು ಸಲ ಮಾಡಿದೆ. ಬರೀ ಎಣ್ಣೆ. ದೊಡ್ಡ ಸಿಲಿಂಡರು ತುಂಬಿ ಹಿಂದಿನ ಬಲಗಾಲಿಗೆ ಹೋದೆ, ಅಲ್ಲಿಂದ ಮುಂದಿನ ಎಡ, ಕೊನೆಗೆ ಮುಂದಿನ ಬಲ. ಆಜಿ ಗ್ಯಾಲರಿಯಲ್ಲಿ ಜಪದ ಮಾಲೆ ಬಿಟ್ಟು ನಮ್ಮ ಕೂಗು ಎಣಿಸುತ್ತಿದ್ದಳು. ಮುಂದಿನ ಬಲಗಾಲಿಯ ಹೊತ್ತಿಗೆ ಅವಳೂ "ಎತ್ತೂ!" ಎಂದು ನನಗಿಂತ ಮೊದಲೇ ಕೂಗಿದಳು. ನನ್ನ ಹೆಂಡತಿಯ ಕಾಲು ಅಲುಗಲಿಲ್ಲ. ನನ್ನ ಕೂಗಿಗೆ ಮಾತ್ರ ಎದ್ದಿತು.

ಎಲ್ಲ ಮುಗಿದ ಮೇಲೆ ಅವಳು ಒಳಗಿನಿಂದ ಗಾಬರಿಯಲ್ಲಿ ಕೂಗಿದಳು, "ಏನ್ರಿ, ಇದು ಕೆಳಗ ಹೋಗವಲ್ದು! ಅರ್ಧಕ್ಕ ನಿಂತದ. ಕೆಟ್ಟಿತೇನು?"

"ಇಲ್ಲ," ಎಂದೆ. "ಸುದ್ದಾತು."

ಡಬ್ಬಿ ಬೋರಲು ಹಾಕಿದೆ. ತಳದಿಂದ ನಾಲ್ಕು ಹನಿ ಬಿದ್ದವು.

ಶನಿವಾರ ಒಂಬತ್ತಕ್ಕೆ ಸರಿಯಾಗಿ ಲಾರಿ ಬಂತು. ಸಂಕಳಿಯ ಸದ್ದು ಓಣಿಯ ತುದಿಯಿಂದಲೇ ಕೇಳಿತು. ಡಾಕ್ಟರು ಔಷಧದ ಪೆಟ್ಟಿಗೆ ಹಿಡಿದು ನಿಂತಿದ್ದರು. ಫೋರ್‌ಮನ್ ಯಾರನ್ನೂ ಕೇಳದೆ ಮೋಟಾರಿನ ಬಾಗಿಲು ತೆರೆದು ಕೂತು ಪೆಡಲು ತುಳಿದ. ಅದು ಅರ್ಧಕ್ಕೆ ನಿಂತಿತು. ಮೈಯ ಭಾರವೆಲ್ಲ ಹಾಕಿ ಅಲ್ಲೇ ಒತ್ತಿಹಿಡಿದು ಬಾಯೊಳಗೆ ಎಣಿಸಿದ. ಅರವತ್ತಾದರೂ ಇಳಿಯಲಿಲ್ಲ.

"ಮ್ಯಾಲ ಯಾರಿದ್ರು?" ಎಂದ.

ನಾನು ಹೆಂಡತಿಯ ಕಡೆ ಗಲ್ಲ ಎತ್ತಿ ತೋರಿಸಿದೆ.

"ಅಂಗಳದಾಗ ಗಟ್ಟಿ ಇರ್ತದಪಾ. ಘಾಟಿನ ಇಳಕಲಿನಾಗ ಗೊತ್ತಾಗ್ತದ. ನಿನ್ನ ಹೆಂಡ್ತಿನ ಒಳಗ ಕೂಡಿಸಿ ಇಳೀತೀ ಏನು ಕಾತ್ರಜ ಘಾಟಾ?"

ಅವನು ನನ್ನನ್ನು ಕೇಳಿದ್ದು. ಉತ್ತರ ಕೊಟ್ಟದ್ದು ಅವಳು. ಒಳಗೆ ಹೋಗಿ, ದಡಿಯ ಇಳಕಲ್ ಸೀರೆ ಉಟ್ಟು ಬಂದು, ಹಿಂದಿನ ಸೀಟಿನಲ್ಲಿ ಕೂತಳು. "ತುಳದಾಕಿ ನಾನು. ಬರಾಕಿನೂ ನಾನ. ನಡೀರಿ ಡಾಕ್ಟರ್ ಸಾಹೇಬ್ರ, ಅಲ್ಲೆ ಮಂದಿ ಕಾಯತಿರ್ತಾರ."

ಡಾಕ್ಟರು ಓಡಿಸಿದರು. ನಾನು ಅವರ ಪಕ್ಕ. ಲಾರಿ ಕಾತ್ರಜದವರೆಗೆ ಹಿಂದೆ ಬಂತು. ಏರು ಶುರುವಾದಲ್ಲಿ ನಿಂತಿತು. ಆಮೇಲೆ ಕನ್ನಡಿಯಲ್ಲಿ ಕಾಣಲಿಲ್ಲ.

ಘಾಟು ಏರಿ, ಗುಡ್ಡ ಕೊರೆದ ಬೋಗದೆ ದಾಟಿ, ಆಚೆಯ ಇಳಿಜಾರಿಗೆ ಬಂದೆವು. ಎರಡು ತಿರುವು ಚೆನ್ನಾಗಿ ಹೋದವು. ಮೂರನೆಯದರಲ್ಲಿ ಹುಲ್ಲು ಹೇರಿದ ಬಂಡಿಯೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಒಂದು ಎತ್ತು ನೊಗ ಕಳಚಿಕೊಂಡಿತ್ತು. ಎಡಕ್ಕೆ ಗುಡ್ಡ, ಬಲಕ್ಕೆ ಕೊಳ್ಳ. ಡಾಕ್ಟರು ಬ್ರೇಕು ತುಳಿದರು. ಮೋಟಾರು ಮೂಗು ಬಗ್ಗಿಸಿ, ಬಂಡಿಗೆ ಎರಡು ಮಾರು ಹಿಂದೆ ನಿಂತಿತು.

ನಿಂತಿತು, ಆದರೆ ಡಾಕ್ಟರ ಕಾಲಿಗೆ ಹಳೆಯ ಚಟ. ತಿಂಗಳುಗಟ್ಟಲೆ ಮೆತ್ತಗಿನ ಪೆಡಲನ್ನು ಎರಡು ಮೂರು ಸಲ ಒತ್ತಿ ಒತ್ತಿ ಗಾಡಿ ನಿಲ್ಲಿಸಿದವರು. ಇನ್ನೊಮ್ಮೆ ಒತ್ತಲು ಕಾಲು ಎತ್ತಿದರು. ಗಾಡಿ ಇಳಿಜಾರಿನಲ್ಲಿ ಮುಂದಕ್ಕೆ ಜಾರಿತು. ನಾನು ಹ್ಯಾಂಡ್ ಬ್ರೇಕಿಗೆ ಕೈ ಹಾಕುವ ಮೊದಲೇ ಹಿಂದಿನಿಂದ ದನಿ ಬಂತು, ವಾಡೆಯ ಅಂಗಳದಲ್ಲಿ ಕೇಳಿದ್ದ ಅದೇ ದನಿ.

"ತುಳೀರಿ! ಬಿಡಬ್ಯಾಡ್ರಿ ಸಾಹೇಬ್ರ, ತಡೀರಿ ಹಂಗ!"

ಡಾಕ್ಟರ ಕಾಲು ಪೆಡಲಿಗೆ ಬಿತ್ತು. ಮೋಟಾರು ನಿಂತಿತು. ಪೆಡಲು ಕಲ್ಲಿನ ಹಾಗೆ ಇತ್ತು, ಗಾಲಿಯೂ ಕಲ್ಲಿನ ಹಾಗೆ ಇತ್ತು. ಬಂಡಿಯವನು ಎತ್ತನ್ನು ಹಿಡಿದು, ನೊಗಕ್ಕೆ ಕಟ್ಟಿ, ಬಂಡಿಯನ್ನು ಬದಿಗೆ ಸರಿಸುವವರೆಗೆ ಅವರು ಕಾಲು ಅಲುಗಿಸಲಿಲ್ಲ. ದಾರಿ ತೆರವಾದ ಮೇಲೂ ಹಾಗೇ ಕೂತಿದ್ದರು. ನನ್ನ ಕಡೆ ನೋಡಿದರು. ನಾನು ಹಿಂದಕ್ಕೆ ನೋಡಿದೆ.

ನನ್ನ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ಹೂಂ," ಎಂದಳು. "ಈಗ ಎತ್ರಿ."